ಏನೋ ಒಂದು

ಮುಹರಕ್ಕಿನ ಆಸ್ಪತ್ರೆಯ ತಳಮನೆಯಲ್ಲಿ
ಬಟ್ಟೆ ಒಗೆವ ಯಂತ್ರ ಹದಿನಾಲ್ಕು, ಒಂದು ಕೆಟ್ಟಿದೆ.
ರಾತ್ರಿ ಪಾಳಿಗೆ ನಾವಿಬ್ಬರೇ.
ನೆತ್ತಿಯ ಮೇಲೆ ವಿಮಾನ ಇಳಿದರೆ
ಸೋಪಿನ ಡಬ್ಬದ ಮುಚ್ಚಳ ನಡುಗುತ್ತದೆ.

ಅವಳ ಹೆಸರು ನ್ಥೊಫೇಲಾ.
ಮೊದಲ ಎರಡಕ್ಷರದ ನಡುವೆ ಉಸಿರು ಬಿಡಬಾರದು,
ವಾರವಿಡೀ ಕಲಿಸಿದಳು.
ಲೆಸೊಥೊ ಎಂಬ ಬೆಟ್ಟದ ದೇಶದವಳು,
ಅಲ್ಲಿ ಕುರಿ ಕಾಯುವವರು ಕಂಬಳಿ ಹೊದೆಯುತ್ತಾರಂತೆ,
ನಮ್ಮ ಹರಪನಹಳ್ಳಿ ಕಡೆಯವರ ಹಾಗೇ.
ಹೆಸರಿನ ಅರ್ಥ ಕೇಳಿದೆ.
ಒದ್ದೆ ಚಾದರದ ಇನ್ನೊಂದು ತುದಿ ಹಿಡಿದು
ಹಿಂಡುತ್ತಲೇ ಅಂದಳು:
'ಬರೀ ಒಂದು ವಸ್ತು. ಏನೋ ಒಂದು. ಅಷ್ಟೆ.'

ನಾನು ನಗಲಿಲ್ಲ.

ಅವಳಿಗಿಂತ ಮೊದಲು ಮೂವರು,
ಮೂವರಿಗೂ ಚಂದದ ಹೆಸರು:
ಹೂವು, ಕೊಡುಗೆ, ಸಂತೋಷ.
ಹೂವು ಹದಿನೈದು ದಿನ,
ಕೊಡುಗೆ ಒಂದು ಚಳಿಗಾಲ,
ಸಂತೋಷ ಕಣ್ಣೇ ಬಿಡಲಿಲ್ಲ.
ನಾಲ್ಕನೆಯದಕ್ಕೆ ಅಜ್ಜಿ
ಮಣಿ ಕಟ್ಟದೆ, ಮುತ್ತು ಕೊಡದೆ,
ಬೇಕೆಂದೇ ಬೇಸರದ ದನಿಯಲ್ಲಿ ಹೆಸರಿಟ್ಟಳು.
ಸಾವು ಬಾಗಿಲಿಗೆ ಬಂದು
'ಒಳಗೆ ಯಾರು?' ಎಂದರೆ
'ಯಾರೂ ಇಲ್ಲ, ಏನೋ ಒಂದು ಬಿದ್ದಿದೆ.'
ಸಾವಿಗೂ ಹೊತ್ತಿಲ್ಲ, ಮುಂದಿನ ಮನೆಗೆ ಹೋಯಿತು.
ಮುಂದಿನ ಮನೆಯ ಕತೆ ಅವಳು ಹೇಳಲಿಲ್ಲ.

ಈಗ ನನ್ನ ಸರದಿ.
ಅಂಗಿಯ ಮೇಲಿನ ಬಿಲ್ಲೆ ತೋರಿಸಿದೆ: ತಿಪ್ಪಮ್ಮ.
ತಿಪ್ಪೆ ಅಂದರೆ ಏನು ಅಂತ
ಕೈಸನ್ನೆಯಲ್ಲಿ, ಹರಕು ಅರಬ್ಬಿಯಲ್ಲಿ,
ಕಡೆಗೆ ಮೂಗು ಹಿಡಿದು ತಿಳಿಸಿದೆ.
ಎರಡು ಕೂಸು ಮಣ್ಣಿಗಿಟ್ಟ ಮೇಲೆ
ನನ್ನನ್ನು ಮೊರದಲ್ಲಿ ಮಲಗಿಸಿ
ತಿಪ್ಪೆಯ ಮೇಲಿಟ್ಟು ಬೆನ್ನು ತಿರುಗಿಸಿದರು.
ದುರುಗವ್ವ ಎಂಬಾಕೆ, ಮೊದಲೇ ಮಾತಾದಂತೆ,
'ಅಯ್ಯ, ಯಾರೋ ಬಿಸಾಕ್ಯಾರ' ಅಂತ ಎತ್ತಿಕೊಂಡು
ಅಚ್ಚೇರು ಜೋಳಕ್ಕೆ ಅವ್ವನಿಗೇ ಮಾರಿದಳು.
ಆ ದಿನದ ತೂತು
ಬಲ ಹೊಳ್ಳೆಯಲ್ಲಿ ಈಗಲೂ ಇದೆ.

ನ್ಥೊಫೇಲಾ ಬಗ್ಗಿ ನೋಡಿದಳು,
ಬೀಗದ ಕಂಡಿಯಲ್ಲಿ ಇಣುಕಿದಂತೆ.

ಸಾಲೆಯಲ್ಲಿ ಈ ಹೆಸರಿಗೆ ಎಷ್ಟು ಅತ್ತಿದ್ದೆ.
ಪಾಸ್‌ಪೋರ್ಟಿನ ಏಜೆಂಟ್ ಕೂಡ ಹೇಳಿದ್ದ,
'ತ್ರಿವೇಣಿ ಅಂತ ಮಾಡಿಸ್ಲಾ? ಎರಡು ಸಾವಿರ.'
ಎರಡು ಸಾವಿರ ಇರಲಿಲ್ಲ.
ಇಲ್ಲಿಯವರ ನಾಲಿಗೆಗೆ ಪಕಾರ ಇಲ್ಲ,
ಮೇಸ್ತ್ರಿ ಕರೆಯುವುದು ತಿಬ್ಬಮ್ಮ.
ತಿಬ್ ಅಂದರೆ ಅವರಲ್ಲಿ ವೈದ್ಯವಂತೆ.
ಕಡಲು ದಾಟುವಾಗ ತಿಪ್ಪೆ ಮದ್ದಾಗಿದೆ,
ನನ್ನನ್ನು ಯಾರೂ ಕೇಳಿಲ್ಲ.

ಮೂರನೆಯ ಮಹಡಿಯಿಂದ
ಗಾಜಿನ ಪೆಟ್ಟಿಗೆಯ ಕೂಸುಗಳ ಬಟ್ಟೆ ಬರುತ್ತದೆ,
ಕರವಸ್ತ್ರದಷ್ಟು ಹಾಸು.
ಆರನೇ ಪೆಟ್ಟಿಗೆಯ ಗಂಟಿಗೊಂದು ಚೀಟಿ:
ತಾಯಿಯ ಹೆಸರು, ತೂಕ ಒಂಬೈನೂರು ಗ್ರಾಂ,
ಮಗುವಿನ ಹೆಸರಿನ ಜಾಗ ಖಾಲಿ.
ಒಳ್ಳೆಯದೊಂದನ್ನು ಹುಡುಕುತ್ತಿರಬೇಕು ಪಾಪ.
ನಾವು ಕಾಯಲಿಲ್ಲ.
ಆ ಹಾಸನ್ನು ಕೈಯಲ್ಲೇ ಒಗೆದು, ಕೊಡವಿ,
ಅವಳು 'ನ್ಥೊಫೇಲಾ' ಅಂದಳು ಗೋಡೆಗೆ ಕೇಳುವಂತೆ.
ನಾನು 'ತಿಪ್ಪಿ, ಥೂ, ಯಾರಿಗೆ ಬೇಕಾಗೈತಿ ಇದು' ಅಂದೆ.
ಹತ್ತೊಂಬತ್ತು ರಾತ್ರಿ ಹೀಗೆ ಬೈದೆವು.

ಇಪ್ಪತ್ತಕ್ಕೆ ಆರನೇ ಗಂಟು ಬರಲಿಲ್ಲ.
ಐದು ಬಂತು. ಏಳು ಬಂತು.
ಮನೆಗೆ ಹೋಯಿತೋ
ಲಿಫ್ಟಿನ ಹುಡುಗನನ್ನು ಕೇಳಬಹುದಿತ್ತು.
ಕೇಳಲಿಲ್ಲ. ಕೇಳಿದರೆ ಅದು
ಏನೋ ಒಂದಾಗಿ ಉಳಿಯುವುದಿಲ್ಲ,
ಯಾರೋ ಆಗಿಬಿಡುತ್ತದೆ.

ಮೂರು ಗಂಟೆಗೆ ಕಾವಲಿನವ
ಬಾಗಿಲಲ್ಲಿ ಟಾರ್ಚು ಹಿಡಿದು ಕೂಗಿದ,
ಒಳಗೆ ಯಾರು?
ಹಬೆಯ ಹಿಂದೆ ನಾವಿಬ್ಬರೂ
ಚಾದರದ ತುದಿಗೆ ತುದಿ ಕೂಡಿಸುತ್ತಾ
ಸುಮ್ಮನಿದ್ದೆವು.