ಇಪ್ಪತ್ತೆಂಟು ಮಿಲಿಮೀಟರ್

ಕಂಕನಾಡಿಯಲ್ಲಿ ನನ್ನದೊಂದು ಲ್ಯಾಬು. ಹಲ್ಲು ಮಾಡುವುದು ಕಸುಬು.
ಯಾರ್ಯಾರದೋ ಬಾಯಿಯ ಅಚ್ಚುಗಳು
ಗೋಡೆಯುದ್ದಕ್ಕೂ ಪ್ಲಾಸ್ಟರಿನಲ್ಲಿ ನಗುತ್ತಿರುತ್ತವೆ.
ಸಂಜೆ ಏಳಕ್ಕೆ ಶಟರು ಅರ್ಧ ಎಳೆದು
ಅದೇ ದೀಪ, ಅದೇ ಭೂತಗನ್ನಡಿ, ಅದೇ ಮೂರು ಸೊನ್ನೆಯ ಕುಂಚ:
ಸೈನಿಕರಿಗೆ ಬಣ್ಣ ಹಚ್ಚುತ್ತೇನೆ,
ಹೆಬ್ಬೆರಳ ಗೆಣ್ಣಿನಷ್ಟೆತ್ತರದವರಿಗೆ.

ಇಟಲಿಯವರು ಸುಲಭದಲ್ಲಿ ಸಿಕ್ಕಿದರು.
ನಲವತ್ತು ಮಂದಿ, ನಲವತ್ತು ಮುಖ.
ಒಬ್ಬ ಮೀಸೆ ತಿರುವುತ್ತಾನೆ, ಒಬ್ಬ ಗಡಿಯಾರ ನೋಡುತ್ತಾನೆ,
ಒಬ್ಬನ ಬೂಟಿನ ಲಾಡಿ ಬಿಚ್ಚಿದೆ.
ಎರಕ ಹೊಯ್ದವನಿಗೆ ಆ ಲಾಡಿಯ ಮೇಲೆ ಎಷ್ಟು ಪ್ರೀತಿ!

ಅಡ್ವಾದ ಗುಡ್ಡಗಳಲ್ಲಿ ಅವರನ್ನು ಸೋಲಿಸಿದವರು ಮಾತ್ರ
ಎಲ್ಲಿಯೂ ಇಲ್ಲ. ಎರಡು ವರ್ಷ ಹುಡುಕಿದೆ.
ಜುಲು ಉಂಟು, ಆದೀತಾ, ಎಂದರು ಒಬ್ಬರು, ಎಲ್ಲ ಒಂದೇ ಅಲ್ಲವಾ.
ಅಲ್ಲ ಮಾರಾಯ್ರೆ.
ಮಂಗಳೂರಿಗೂ ಮಂಗೋಲಿಯಕ್ಕೂ ಮೊದಲಕ್ಷರ ಒಂದೇ ಎಂದ ಹಾಗಾಯ್ತು.

ಕೊನೆಗೊಂದು ಪೊಟ್ಟಣ ಬಂತು.
ಪಾಂಡೇಶ್ವರದ ಅಂಚೆಕಚೇರಿಯಲ್ಲಿ ಸುಂಕ ಕಟ್ಟುವಾಗ
ಕೌಂಟರಿನ ಹುಡುಗಿ ಕುಲುಕಿ ಕೇಳಿದಳು: "ಎಂತ, ಬೀಜವಾ?"
ಇಪ್ಪತ್ತು ಜನ. ಬಾಯಿ ತೆರೆದು ಓಡುವ ಒಂದೇ ಮುಖ
ಇಪ್ಪತ್ತು ಸಲ.
ಹಲ್ಲು ಕೂಡ ಒಂದೇ ಗೆರೆ.
ಕಸುಬಿನವನಿಗೆ ಅದೇ ಮೊದಲು ಕಾಣುವುದು.

ಕತ್ತು ಕತ್ತರಿಸಿದೆ. ತಪ್ಪು ತಿಳಿಯಬೇಡಿ,
ಹಲ್ಲಿನ ಮೇಣದಲ್ಲಿ ಹೊಸ ತಲೆ ಮಾಡಲಿಕ್ಕೆ.
ಮಾದರಿಗೆಂದು ದೂರ ಹೋಗಲಿಲ್ಲ:
ಬಂದರಿನಲ್ಲಿ ಮೂಟೆ ಇಳಿಸುವ ಇದಿನಬ್ಬನ ದವಡೆ,
ಬೆಂಗ್ರೆಯ ವಾಮನ ಕರ್ಕೇರರ ಹಣೆಯ ಮೂರು ಗೆರೆ,
ಫುಟ್‌ಬೋರ್ಡಿನಲ್ಲಿ ನೇತಾಡಿ
ಸ್ಟೇಟ್‌ಬ್ಯಾಂಕ್ ಸ್ಟೇಟ್‌ಬ್ಯಾಂಕ್ ಎಂದು ಕೂಗುವ
ಇಪ್ಪತ್ತೇಳು ನಂಬರಿನ ಕಂಡಕ್ಟರನ ಬಾಯಿ.

'ಚರ್ಮ' ಎಂದು ಬರೆದ ಬಣ್ಣದ ಬಾಟಲಿಯಲ್ಲಿ ಇದ್ದದ್ದು
ಆರೋಗ್ಯವಂತ ವಸಡಿನ ಗುಲಾಬಿ.
ನನ್ನ ಮೊಣಕೈಯನ್ನೇ ದೀಪಕ್ಕೆ ಹಿಡಿದು ಬೆರೆಸಿಕೊಂಡೆ
ಓಲೆಬೆಲ್ಲ, ಸುಟ್ಟ ಹಂಚು, ಒಣಗಿದ ಪುನರ್ಪುಳಿಯ ಸಿಪ್ಪೆ.

ಆಗ ಬಂದದ್ದು ತೆಸ್ಫಾಯೆ,
ದೇರಳಕಟ್ಟೆಯಲ್ಲಿ ಫಾರ್ಮಸಿ ಓದುವವನು,
ಕೆಳದವಡೆಯ ಕಿರೀಟಕ್ಕೆ ಬಣ್ಣ ಹೊಂದಿಸಲು.
ಅವನ ಹಲ್ಲಿನ ಪಕ್ಕ ಒಂದೊಂದೇ ಬಿಳಿ ಹಿಡಿಯುತ್ತಿದ್ದೆ,
ಅವನ ಕಣ್ಣು ಮೇಜಿನ ಮೇಲೆ.
ಬಾಯಿಂದ ನನ್ನ ಬೆರಳು ತೆಗೆದದ್ದೇ ತಡ:
"ಗುರಾಣಿ ಬಲಗೈಯಲ್ಲಿ ಯಾಕೆ?"
ತಪ್ಪು ನನ್ನದು. ಕೈ ಅಂಟಿಸುವಾಗ ಅದಲುಬದಲಾಗಿತ್ತು.

ಮತ್ತೆ ಸ್ಟೂಲು ಎಳೆದು ಕೂತ. ಒಬ್ಬೊಬ್ಬನನ್ನೇ ಎತ್ತಿ ನೋಡಿದ.
"ನೀರು ಹೊರುವವರು ಎಲ್ಲಿ? ರೊಟ್ಟಿ ಸುಡುವವರು?
ನನ್ನ ಅಜ್ಜಿಯ ಅಜ್ಜಿ ಹೋಗಿದ್ದಳಂತೆ, ಕೊಡ ಹೊತ್ತು.
ನಮ್ಮ ಮನೆಯಲ್ಲಿ ಆ ಯುದ್ಧ ಅಂದರೆ
ಅವಳ ಬೆನ್ನುನೋವಿನ ಕಥೆ."

ನೀರು ಹೊರುವವರನ್ನು ಯಾವ ಕಂಪನಿಯೂ ಮಾರುವುದಿಲ್ಲ.
ಮುಖ ಹೇಗಿತ್ತು ಎಂದೆ. ಫೋಟೊ ಇಲ್ಲ ಎಂದ.
ಉರ್ವದ ಟೀಚರೊಬ್ಬರ ಬ್ರಿಜ್‌ಗೆ ಹೊಯ್ದು ಉಳಿದ ಲೋಹದಲ್ಲಿ
ಅವಳನ್ನು ಹೊಯ್ದೆ,
ತಲೆ ಬಾಗಿಸಿ. ಕೊಡದ ಭಾರಕ್ಕೋ
ನನ್ನ ಅಳುಕಿಗೋ, ಈಗಲೂ ತಿಳಿಯದು.

ಭಾನುವಾರ ಬಿಜೈಯಲ್ಲಿ, ಲಸ್ರಾದೊರ ಹಳೆಯ ಕೇರಂ ಬೋರ್ಡು.
ಮುರಕಲ್ಲಿನ ಗುಡ್ಡ, ತೆಂಗಿನ ನಾರಿನ ಹುಲ್ಲು.
"ಇವಳಿಗೆಷ್ಟು ಪಾಯಿಂಟು?"
ಇಲ್ಲ.
"ಹೊಡೆಯುತ್ತಾಳಾ?"
ಇಲ್ಲ.
"ಮತ್ತೆ ಎಂತಕ್ಕೆ?"
ಗುಡ್ಡದ ಹಿಂದೆ ನಿಲ್ಲಿಸಿದೆ.

ದಾಳ ಉರುಳಿಸಿದಾಗಲೆಲ್ಲ ಒಂದು. ಮತ್ತೆ ಒಂದು.
ಆರು ಗಂಟೆಯೊಳಗೆ ಇಟಲಿ ಗೆದ್ದಿತು.
ಲಸ್ರಾದೊ ಪಾಪ, ನಾಚಿಕೊಂಡು ಚಾ ಮಾಡಿದರು.

ಬುಧವಾರ ಮೇಲಿನ ಮಹಡಿಯ ಡಾಕ್ಟರು
ತೆಸ್ಫಾಯೆಯನ್ನು ಕೆಳಗೆ ಕಳಿಸಿದರು,
ಕಿರೀಟ ಸ್ವಲ್ಪ ಎತ್ತರ ಆಯ್ತು, ಉಜ್ಜಿ ಕೊಡಿ.
ಸೋತೆ ಎಂದೆ.
ಅರ್ಧ ಬಾಯಿ ಮರಗಟ್ಟಿತ್ತು, ಉಳಿದರ್ಧದಲ್ಲಿ ನಕ್ಕ.
"ಅವಳು?"
ಬಿದ್ದಿಲ್ಲ. ಅವಳ ಕಡೆ ಯಾರೂ ಗುರಿ ಹಿಡಿಯಲೇ ಇಲ್ಲ.
"ಹಾಗಾದರೆ ನೀರು ಉಂಟು,"
ಎಂದ, ಇಲ್ಲಿ ಕಲಿತ ಕನ್ನಡದಲ್ಲಿ.

ನಾನು ಕಿರೀಟ ಉಜ್ಜಿದೆ,
ಒಂದು ಕೂದಲೆಳೆಯಷ್ಟು.