ಟ್ಯಾಂಕಿನ ಹಿಂದಿನ ಸೈಟು

ಚೆನ್ನೈ ಕಡೆಯ ಚಂಡಮಾರುತ ಮೂರು ದಿನ ಇಲ್ಲಿ ಜಿನುಗಿ
ನಾಲ್ಕನೇ ಬೆಳಿಗ್ಗೆ ಜಾಲಹಳ್ಳಿಗೆ ಬಿಸಿಲು ಬಂತು.
ಹಾವಸೆ ಕಟ್ಟಿದ ನೀರಿನ ಟ್ಯಾಂಕಿನ ಹಿಂದೆ
ಗೇಟಿನ ಬೀಗಕ್ಕೆ ಕೊಬ್ಬರಿ ಎಣ್ಣೆ ಬಿಟ್ಟು
ನಾನು ಕೀಲಿ ತಿರುಗಿಸುವಷ್ಟರಲ್ಲಿ
ನರಸಮ್ಮ ಬಂದು ಹೋಗಿಯಾಗಿತ್ತು:
ಕಾಂಪೌಂಡಿನ ಮೇಲಿಂದ ಎಸೆದ ಏಳು ಮೂಟೆ ಎಲೆ,
ಹೊಂಗೆ, ಮಳೆಮರ, ಒಂದಿಷ್ಟು ಸಿಗರೇಟು ಪ್ಯಾಕು.
ಸುಡಬೇಡ, ನಮಗೆ ಕೊಡು ಅಂದಿದ್ದೆ ದಸರೆಯಲ್ಲಿ.
ಸುಡೋದು ಸಲೀಸು ಕಣಮ್ಮೋ, ಹೊರೋಳು ನಾನಲ್ವಾ, ಅಂದಿದ್ದಳು.

ರಿಜಿಸ್ಟರಿನಲ್ಲಿ ಹದಿನಾಲ್ಕು ಹೆಸರು.
ಬಂದವರು ಏಳು.
ನರ್ಸಿಂಗ್ ಕಾಲೇಜಿನ ನಾಲ್ವರು ಹುಡುಗಿಯರು
ನೀಲಿ ಗ್ಲೌಸು ಹಾಕಿಕೊಂಡು ಸಗಣಿ ಮುಟ್ಟಿದರು,
ಆಮೇಲೆ ಗ್ಲೌಸು ಬಿಚ್ಚಿ.
ಆಟೋದ ಖಲೀಲ್, ಮಾವನ ಹಾರೆ ಹಿಡಿದು.
ಫಿಲೋಮಿನಾ ಟೀಚರು,
ಒಂದು ಡಬ್ಬಿ ಚಕ್ಕುಲಿ, ಎರಡು ಮಂಡಿಯ ನೋವು.
ಕೊನೆಗೆ ವಾಚ್ ಫ್ಯಾಕ್ಟರಿಯ ಸುಂದರೇಶಯ್ಯ,
ಮಂಕಿಕ್ಯಾಪು, ಇಸ್ತ್ರಿ ಮಾಡಿದ ಅಂಗಿ.

ಮುಗಿದ ಬೆಂಡೆಯ ಕಡ್ಡಿಗಳನ್ನು ಕಿತ್ತೆವು.
ಒಣಗಿದ ಕಾಯೊಂದು ಹುಡುಗಿಯ ಕೈಯಲ್ಲಿ ಗಿಲಿಗಿಲಿ ಅಂತು,
ಸುತ್ತ ನೋಡಿ ಜೇಬಿಗಿಳಿಸಿದಳು.
ಅಗೆದರೆ ಬಡಾವಣೆಯೇ ಮೇಲೆ ಬಂತು:
ಮೊಸಾಯಿಕ್ ಚೂರು, ಹಾಲಿನ ಪ್ಯಾಕೆಟ್ಟಿನ ಮೂಲೆ,
ಯಾರದೋ ಗೃಹಪ್ರವೇಶದ ಹಣತೆ,
ತುಕ್ಕು ತಿಂದ ಬೋರ್‌ವೆಲ್ ಮುಚ್ಚಳ.
ಒಂದೂವರೆ ಗೇಣು ಕೆಳಗೆ, ಕೆಂಪು.
ಖಲೀಲ್ ಒಂದು ಹಿಡಿ ಹಿಂಡಿ ನೋಡಿ
ಉಂಡೆ ನಿಂತು ಉದುರುತ್ತೆ, ಹಾಕಬಹುದು, ಅಂದ.

ಇದು ಹಿಮ ಬೀಳುವ ಊರಲ್ಲ.
ನಮ್ಮ ಮಾಗಿ ಅಂದರೆ
ಬೆಳಗಿನ ಪೈಪಿನ ನೀರಿಗೆ ಬೆರಳು ಹಿಂಜರಿಯುವುದು,
ಹತ್ತು ಗಂಟೆಗೆ ಸ್ವೆಟರು ಬಿಚ್ಚಿ ಸೊಂಟಕ್ಕೆ ಕಟ್ಟುವುದು,
ಸೊಗಡಿನ ವಾಸನೆ ಬಸ್‌ಸ್ಟಾಪಿನ ತನಕ ನಡೆದು ಬರುವುದು.
ಅಷ್ಟಕ್ಕೆ ಇಷ್ಟು ತಯಾರಿಯೇ ಅಂದರೆ, ಹೌದು.
ಬೇಲಿಯ ಮೇಲೆ ಅವರೆ ಹೂವಿಗೆ ಬಂದಿದೆ.
ಅದು ಕಾಯಿ ಕಟ್ಟುವ ಹೊತ್ತಿಗೆ
ಪಕ್ಕದಲ್ಲಿ ಸಬ್ಬಸಿಗೆ ಇರಬೇಕು.
ಇಲ್ಲದಿದ್ದರೆ ಅದೆಂಥ ಸಾರು?

ಸುಂದರೇಶಯ್ಯನವರಿಗೆ ಕೂತು ಮಾಡುವ ಕೆಲಸ ಕೊಟ್ಟೆವು, ಬೀಜ.
ಮೂವತ್ತೊಂದು ವರ್ಷ ಚಿಮುಟದ ತುದಿಯಲ್ಲಿ
ಕೂದಲಿಗಿಂತ ತೆಳುವಾದ ಸ್ಪ್ರಿಂಗೆತ್ತಿ
ಉಸಿರು ಹಿಡಿದು ಕೂರಿಸಿದ ಕೈ.
ಈಗ ಕೀ ಕೊಡದಿದ್ದರೂ
ತಾನಾಗಿ ಅಲುಗುತ್ತದೆ.
ಅಂಗೈಯ ಬೀಜವೆಲ್ಲ ಒಂದೇ ಕಡೆ ಸುರಿಯಿತು.
ಹುಡುಗಿಯೊಬ್ಬಳು ಹೆಕ್ಕಲೆಂದು ಬಗ್ಗಿದಳು;
ಎಳ್ಳಿಗಿಂತ ಹಗುರ, ಮಣ್ಣಿನದೇ ಬಣ್ಣ.
ಟೀಚರು ಚಕ್ಕುಲಿ ಮುರಿಯುವುದನ್ನು ನಿಲ್ಲಿಸಿದರು.

ಬೀದಿ ಮುಗಿಸಿ ಬಂದ ನರಸಮ್ಮ
ಗೇಟಿಗೆ ಪೊರಕೆ ಒರಗಿಸಿ, ಚಪ್ಪಲಿ ಬಿಟ್ಟು
ನೆಟ್ಟಗೆ ಬಂದವಳೇ ಕಾಲಲ್ಲಿ ಮಣ್ಣು ಸವರಿದಳು.
ಒತ್ತಾಗೇ ಹುಟ್ಲಿ ಬುಡಿ ಸ್ವಾಮಿ,
ಎಳೇದ್ರಲ್ಲೇ ಒಂದು ಹಿಡಿ ಕಿತ್ಕಂಡು ಹೋಗ್ತೀನಿ,
ಮಿಕ್ಕಿದ್ದು ಜಾಗ ಮಾಡ್ಕತದೆ.

ಅವರು ನಕ್ಕರೋ ಕೆಮ್ಮಿದರೋ ತಿಳಿಯಲಿಲ್ಲ.
ಪೊಟ್ಟಣಕ್ಕೆ ಮತ್ತೆ ಕೈ ಚಾಚಿದರು.
ಎರಡನೇ ಸಾಲು ಇನ್ನೂ ಸೊಟ್ಟ.

ಸಾಲುಗಳ ನಡುವೆ ಎಲೆ ಹಾಸಿದೆವು, ಪ್ಯಾಕುಗಳನ್ನು ಆರಿಸಿ ತೆಗೆದು.
ಹನ್ನೊಂದಕ್ಕೆ ರಿಜಿಸ್ಟರು ತೆಗೆದು
ನಿನ್ನ ಹೆಸರೂ ಬರೀಲಾ ಅಂದೆ.
ಅಲ್ಲೂ ಹಾಜರಿ, ಇಲ್ಲೂ ಹಾಜರಿಯಾ ಅಂತ
ನರಸಮ್ಮ ಏಳು ಖಾಲಿ ಚೀಲ ಕೊಡವಿ ಮಡಿಸಿ
ಕಂಕುಳಲ್ಲಿಟ್ಟುಕೊಂಡು ಹೊರಟಳು,
ಒಂದು ಚಕ್ಕುಲಿ ಬಾಯಲ್ಲಿ.