ಮೂವತ್ತೇಳಕ್ಕೆ ಇಳಿಸಿ

ಪುಸ್ತಕದಲ್ಲಿದೆ: ಜೆಲ್ಲನ್ನು ಮೈಯ ಬಿಸುಪಿಗೆ,
ಅಂದರೆ ಮೂವತ್ತೇಳು ಡಿಗ್ರಿಗೆ, ಕಾಯಿಸಿ.
ಬರೆದವರು ಕಲಬುರಗಿಯ ಮೇ ತಿಂಗಳು ಕಂಡವರಲ್ಲ.
ಇಲ್ಲಿ ಕೋಣೆಯೇ ನಲವತ್ತೊಂದು,
ಶಹಾಬಾದಿ ಕಲ್ಲಿನ ಮೇಜು ರೊಟ್ಟಿಯ ಹಂಚು.
ಮೈಯಷ್ಟು ತಣ್ಣಗಾಗಬೇಕೆಂದರೆ
ಜಗದೇವಿ ಗಂಜಿನಿಂದ ಬರ್ಫ ತರಬೇಕು
ಗೋಣಿಯಲ್ಲಿ ಸುತ್ತಿ, ಶೇರ್ ಆಟೋದಲ್ಲಿ,
ದಾರಿಯುದ್ದ ಹನಿ ಬೀಳಿಸುತ್ತ.

ತಿರುಗುವ ಕಡ್ಡಿ ಇಳಿಬಿಡುತ್ತೇನೆ.
ನಿಮಿಷಕ್ಕೆ ಅರ್ಧ ಸುತ್ತು: ಜೆಲ್ಲು ಹಟಮಾರಿ.
ಐದು ಸುತ್ತು: ಸ್ವಲ್ಪ ಸಡಿಲ.
ನೂರಕ್ಕೆ ಹೋದರೆ ನೀರಿನ ನೆಂಟ.
ಜೋನಿಬೆಲ್ಲ ಹಾಗಲ್ಲ, ಹೇಗೆ ತಿರುವಿದರೂ ಒಂದೇ ಸ್ವಭಾವ.
ಇದು ಅಂಬಲಿಯ ಜಾತಿ,
ಸುಮ್ಮನಿದ್ದರೆ ಬಿಗಿದು ಕೂಡುವುದು,
ಸೌಟು ಆಡಿಸಿದರೆ ದಾರಿ ಬಿಡುವುದು.

ಒಂದೇ ಮೈಗೆ ಎರಡು ನೌಕರಿ.
ಜಾರಿಸಲು ಹರಿಯಬೇಕು, ತಡೆಯಲು ನಿಲ್ಲಬೇಕು,
ಎದ್ದರೂ, ನಡೆದರೂ, ಕೊಡ ಹೊತ್ತರೂ
ಇಳಿದು ಹೋಗಬಾರದು.
ಮಜ್ಜಿಗೆಯಷ್ಟು ಹುಳಿ ಇಟ್ಟಿದ್ದೇನೆ,
ಬೀಜ ಈಜು ಮರೆಯಲೆಂದು.

"ಮೇಡಂ, ಇದು ಎಲ್ಲಿ ಹಚ್ಗೋತಾರ್ರಿ?"
ಬೀಕರು ತೊಳೆಯುತ್ತ ಜಗದೇವಿ.
ನನ್ನ ಪ್ರಬಂಧದಲ್ಲಿ ಆ ಪದ ಇನ್ನೂರ ಹನ್ನೊಂದು ಸಲ,
ಇಂಗ್ಲಿಷಿನಲ್ಲಿ, ಯಾರ ಮುಖವೂ ಕೆಂಪಾಗದೆ.
ನಮ್ಮ ಮಾತಿನಲ್ಲಿ ಒಂದು ಹೆಸರು ಬೈಯುವವರ ಬಾಯಲ್ಲಿ,
ಇನ್ನೊಂದು ಶ್ಲೋಕದವರ ಬಾಯಲ್ಲಿ.
ಬಾಯಿ ತೆರೆದು, ಮುಚ್ಚಿ,
"ಅಲ್ಲಿ" ಅಂದೆ.
"ಹಾಂ, ಅಲ್ಲಿ" ಅಂದಳು,
ತವರಿನ ಹಾದಿಯ ಯಾವುದೋ ಸ್ಟಾಪಿನ ಹೆಸರು ಕೇಳಿದವಳಂತೆ.

ಆಳಂದದ ಕಡೆಯವಳು. ನಾಲ್ಕು ಹೆರಿಗೆ, ಒಂದು ಕಳೆದದ್ದು.
ಮುಟ್ಟು ನಿಂತು ಎರಡು ವರ್ಷ.
"ಈಗ ಅಲ್ಲಿ ಬರೇ ಬ್ಯಾಸಗಿ ಅದ್ರಿ.
ಅವ್ರಿಗಿ ಹ್ಯಾಂಗ ಹೇಳ್ಬೇಕು? ತೆಲಿನೋವು ಅಂತೀನಿ.
ವಾರದಾಗ ಎಷ್ಟ್ ಸಲ ತೆಲಿ ನೋಯ್ತದ?"
ನಕ್ಕಳು. ಗಾಜು ಗಾಜಿಗೆ ತಾಗಿತು.

ಯಾಕೆ ಹೇಳಿದೆನೋ:
ಪ್ರತಿ ಜೆಲ್ಲಿಗೂ ಒಂದು ಗಡಿ ಇರುತ್ತದೆ, ಜಗದೇವಿ.
ಅದಕ್ಕಿಂತ ಕಡಿಮೆ ಒತ್ತಿದರೆ ಕದಲುವುದೇ ಇಲ್ಲ.
ಮೀರಿದರೆ ಹರಿಯುತ್ತದೆ. ಒತ್ತುವುದು ಬಿಟ್ಟರೆ
ಒಳಗಿನ ಎಳೆಗಳು ಒಂದನ್ನೊಂದು ಹುಡುಕಿ ಹಿಡಿದು
ಮತ್ತೆ ಮೊದಲಿನಂತೆ ಕೂಡುತ್ತವೆ.
"ಎಷ್ಟೊತ್ತಿನ್ಯಾಗ?"
ಈ ಮಾದರಿಗೆ ನಲವತ್ತು ಸೆಕೆಂಡು.
ಗೋಡೆ ಗಡಿಯಾರ ನೋಡಿದಳು,
ಬೆರಳ ಮೇಲೆ ಏನೋ ಎಣಿಸಿದಳು.
"ನಮಗ ಯಾರೂ ಅಷ್ಟೂ ಬಿಟ್ಟಿಲ್ರಿ."

ಎರಡೂವರೆಗೆ ಕರೆಂಟು ಹೋಯಿತು.
ಕಡ್ಡಿ ನಿಂತಿತು, ಅಂಕಿ ಆರಿತು.
ಏಳನೆಯ ಮಾದರಿ, ಎರಡನೆಯ ಓಟ: ಖಾಲಿ.

ನನ್ನದು ಪರೀಕ್ಷೆ ಮುಗಿಯದ್ದು, ಕೊಡಬಾರದು.
ಸಂಜೆ ಸೂಪರ್ ಮಾರ್ಕೆಟ್ಟಿನ ಮೆಡಿಕಲ್ಲಿಗೆ ಹೋದೆ.
ಹುಡುಗ ನನ್ನ ಮುಖ ನೋಡದೆ
ಟ್ಯೂಬಿಗೆ ಪೇಪರು, ಪೇಪರಿಗೆ ಕರಿ ಚೀಲ,
ಚೀಲಕ್ಕೆ ಇನ್ನೊಂದು ಗಂಟು.

ಸೋಮವಾರ ಬರ್ಫ ಎಂದಿಗಿಂತ ದೊಡ್ಡದು.
ತಲೆನೋವು ಹೇಗಿದೆ, ಕೇಳಿದೆ.
"ಇನ್ನಾ ಅದ ಅಂತ ಹೇಳೀನಿ.
ನಾ ಹೋಗು ಅಂದಾಗ ಹೋಗ್ತದ."
ಇಬ್ಬರೂ ಸೇರಿ ಗಡ್ಡೆಯನ್ನು ನೀರಿಗಿಟ್ಟೆವು.
ನಲವತ್ತು. ಮೂವತ್ತೊಂಬತ್ತು.
ಮೂವತ್ತೆಂಟೂವರೆ.